ಲಾರಿ ಹತ್ತಿದ ಪುಟ್ಟಗಂಗಮ್ಮ

ಹೊನ್ನವಳ್ಳಿಯ ಪುಟ್ಟಗಂಗಮ್ಮನಿಗೆ ಮುಟ್ಟು ನಿಂತು ವರ್ಷದ ಮೇಲಾಯಿತು. ಬೀದಿಯ ಹೆಂಗಸರು "ಒಂದು ಕಾಟ ಕಳೀತು ಬುಡಕ್ಕ" ಎಂದರು. ಅವಳೂ ಹೂಂ ಎಂದಳು. ಆ ಮಾತು ಅಲ್ಲಿಗೆ ಮುಗಿದೇ ಹೋಗಿತ್ತು. ಆದರೆ ಈ ಸಲ ಯುಗಾದಿಗೆ ತವರಿಗೆ ಬಂದಿದ್ದ ಮಗಳು ಮಧುಶ್ರೀ, ಕೊಬ್ಬರಿ ಅಟ್ಟದ ಕೆಳಗಿನ ತಂಪಿನಲ್ಲಿ ಚಾಪೆ ಹಾಸಿಕೊಂಡು ಮೊಬೈಲು ನೋಡುತ್ತಾ ಮಲಗಿದ್ದವಳು, "ಅಮ್ಮ, ಇಲ್ನೋಡು, ನಂಗೆ ಮುಂದಿನ ತಿಂಗಳು ಯಾವತ್ತು ಆಗುತ್ತೆ ಅಂತ ಇದ್ರಲ್ಲೇ ತೋರ್ಸುತ್ತೆ. ಮೊಟ್ಟೆ ಬರೋ ದಿನಾನೂ ತೋರ್ಸುತ್ತೆ" ಎಂದಳು.

ಪುಟ್ಟಗಂಗಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತದೆಯೇ, "ಅದು ಬರೀ ಅಂದಾಜು ಕಣೇ. ಮೊಟ್ಟೆ ಏನು ಮೊಬೈಲು ನೋಡ್ಕಂಡು ಬತ್ತದಾ?" ಎಂದುಬಿಟ್ಟಳು.

ಮಧುಶ್ರೀ ಎದ್ದು ಕೂತಳು. "ನಿಂಗೆ ಇದೆಲ್ಲ ಹೆಂಗಮ್ಮ ಗೊತ್ತು?"

ಪುಟ್ಟಗಂಗಮ್ಮ ಬಾಗಿಲಾಚೆ ನೋಡಿದಳು. ಗಂಡ ಕರಿಯಣ್ಣ ತೋಟದಲ್ಲಿ ಎಲ್ಲೋ ನೀರು ತಿರುಗಿಸುತ್ತಿದ್ದ. ಅವನು ಬರುವುದಕ್ಕೆ ಇನ್ನೂ ಹೊತ್ತಿದೆ. ಅವಳು ಹುಣಸೆಹಣ್ಣಿನ ಮೊರ ಪಕ್ಕಕ್ಕೆ ಸರಿಸಿದಳು. ಮದುವೆಯಾದ ಮಗಳು, ಇನ್ನು ಹೇಳಿದರೆ ತಪ್ಪೇನು ಅನ್ನಿಸಿತು.

ಪುಟ್ಟಗಂಗಮ್ಮ ತುರುವೇಕೆರೆ ಕಡೆಯ ಹೆಣ್ಣು. ಮೈ ನೆರೆದಾಗ ಸೋದರಮಾವ ಹಸಿ ತೆಂಗಿನಗರಿ ತಂದು ಹಿತ್ತಲಲ್ಲಿ ಗುಡಿಸಲು ಕಟ್ಟಿದ್ದ. ಗರಿಯ ಹಸಿರು ವಾಸನೆ, ಸೋಬಾನೆ ಹಾಡಲು ಬಂದ ಹೆಂಗಸರು, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿಯ ಮೇಲೆ ಸುರಿದ ತುಪ್ಪ, ಇವೆಲ್ಲ ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಮೈಯೊಳಗೆ ನಡೆದದ್ದೇನು ಎಂದು ಮಾತ್ರ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಮುಟ್ಟು ಎಂದರೆ ಮುಟ್ಟು, ತಿಂಗಳಿಗೊಮ್ಮೆ ಬರುತ್ತದೆ, ಮೂರು ದಿನ ಹೊರಗೆ ಕೂರಬೇಕು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಅಷ್ಟೇ ಅವಳಿಗೆ ತಿಳಿದಿದ್ದದ್ದು.

ಹತ್ತೊಂಬತ್ತು ತುಂಬಿದಾಗ ಹೊನ್ನವಳ್ಳಿಗೆ ಮದುವೆ ಮಾಡಿಕೊಟ್ಟರು. ಕರಿಯಣ್ಣ ತಿಪಟೂರಿನ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರ ಲಾರಿ ಓಡಿಸುತ್ತಿದ್ದ. ಉಂಡೆ ಕೊಬ್ಬರಿಯ ಚೀಲ ತುಂಬಿಕೊಂಡು ಇಂದೋರಿಗೆ ಹೋಗುವುದು, ಅಲ್ಲಿಂದ ಗೋಧಿಯೋ ಕಡಲೆಬೇಳೆಯೋ ಹೇರಿಕೊಂಡು ಬರುವುದು. ಹೋದರೆ ಎರಡು ವಾರ ಮುಖವಿಲ್ಲ. ಮನೆಯಲ್ಲಿ ಅತ್ತೆ ಕೊಲ್ಲಾಪುರಮ್ಮ, ಸೊಸೆ ಪುಟ್ಟಗಂಗಮ್ಮ, ಎರಡು ಎಮ್ಮೆ, ಮನೆ ಹಿಂದಿನ ತೆಂಗಿನ ತೋಟ.

ಕೊಲ್ಲಾಪುರಮ್ಮ ಗಟ್ಟಿ ಹೆಂಗಸು. ಐದು ಮಕ್ಕಳನ್ನು ಹೆತ್ತವಳು. ಮದುವೆಯಾಗಿ ಎರಡು ವರ್ಷವಾದರೂ ಸೊಸೆಯ ಹೊಟ್ಟೆ ತುಂಬದಿದ್ದಾಗ ಅವಳು ಬೈಯಲಿಲ್ಲ, ಚುಚ್ಚಲಿಲ್ಲ. ತನಗೆ ತಿಳಿದ ದಾರಿಯಲ್ಲಿ ಹೊರಟಳು. ಒಂದು ದಿನ ಸೆರಗು ಹೊದ್ದು ತಿಪಟೂರಿನ ಬಸ್ಸು ಹತ್ತಿ, ನೇರ ಸದಾಶಿವಯ್ಯನವರ ಮಂಡಿಗೆ ಹೋಗಿ ನಿಂತಳು.

"ಯಜಮಾನ್ರೇ, ನನ್ ಸೊಸೆ ನೀರು ಹಾಕ್ಕಂಡ ವಾರ ನನ್ ಮಗ ಮನೇಲಿರಬೇಕು. ಆಮೇಲೆ ನೀವು ಅವನ್ನ ಎಲ್ಲಿಗಾದ್ರೂ ಕಳ್ಸಿ."

ಸದಾಶಿವಯ್ಯ ಮಕ್ಕಳೊಂದಿಗರು. ಆಗಲಿ ತಾಯಿ ಎಂದರು. ಅಲ್ಲಿಂದ ಮುಂದೆ ಕರಿಯಣ್ಣನ ಲೋಡು ಹೆಂಡತಿಯ ಮುಟ್ಟಿಗೆ ಹೊಂದಿಕೊಂಡು ಹೊರಡತೊಡಗಿತು. ಅವಳು ಹೊರಗೆ ಕೂರುವ ಹೊತ್ತಿಗೆ ಅವನು ಊರಿಗೆ ಬರುತ್ತಿದ್ದ. ಅವಳು ಸ್ನಾನ ಮಾಡಿ ಒಳಗೆ ಬಂದ ಮೇಲೆ ವಾರದ ಮಟ್ಟಿಗೆ ಮನೆಯಲ್ಲಿರುತ್ತಿದ್ದ. ಆಮೇಲೆ ಲಾರಿ. ಮಂಡಿಯ ಹಮಾಲರಿಗೆಲ್ಲ ಈ ಗುಟ್ಟು ಗೊತ್ತಾಗಿ, "ಕರಿಯಣ್ಣ ರಜದ ಮೇಲವ್ನೆ" ಎಂದು ನಗುತ್ತಿದ್ದರು. ನಕ್ಕರೆ ನಗಲಿ, ಮಗುವಾದರೆ ಸಾಕಿತ್ತು. ಆಗಲಿಲ್ಲ. ವರ್ಷಗಳು ಹೋದವು. ಪ್ರತಿ ಸಲವೂ ಬಟ್ಟೆ ಕೆಂಪಾದಾಗ ಪುಟ್ಟಗಂಗಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಎಮ್ಮೆಗಳ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದಳು. ಆ ಮೂರು ದಿನ ಯಾರೂ ಒಳಗೆ ಬರುವಂತಿಲ್ಲ, ಹಾಗಾಗಿ ಅಳುವುದಕ್ಕೆ ಅಡ್ಡಿಯಿರಲಿಲ್ಲ.

ಏಳು ವರ್ಷ ಹೀಗೆ ಕಳೆದ ಮೇಲೆ, ಕಿಬ್ಬನಹಳ್ಳಿಯಲ್ಲಿದ್ದ ನಾದಿನಿ ತಿಪಟೂರಿಗೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರ ಸುದ್ದಿ ತಂದಳು. ಸುನಂದಾ ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿಸಿದರು. ಇಬ್ಬರಲ್ಲೂ ಏನೂ ಕೊರತೆಯಿಲ್ಲ. ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಯಜಮಾನ್ರು ಮನೇಲಿರೋದು ಯಾವಾಗಮ್ಮ?"

ಪುಟ್ಟಗಂಗಮ್ಮ ನಾಚಿಕೊಂಡು ಎಲ್ಲ ಹೇಳಿದಳು. ಡಾಕ್ಟರು ಕನ್ನಡಕ ತೆಗೆದಿಟ್ಟರು.

"ನಿಂಗೆ ಮುಟ್ಟಿಂದ ಮುಟ್ಟಿಗೆ ಎಷ್ಟು ದಿನ?"

"ತಿಂಗಳ ಮೇಲೇ ಆಯ್ತದೆ ಡಾಕ್ಟ್ರಮ್ಮ. ಒಂದೊಂದ್ಸಲ ಐದು ವಾರ, ಒಂದೊಂದ್ಸಲ ಆರು."

"ಸರಿ, ಕೇಳು. ನೀವೆಲ್ಲ ಮುಟ್ಟಿಂದ ಶುರು ಅಂದ್ಕೊಂಡಿದೀರ. ಒಳಗೆ ನಡೆಯೋದು ಬೇರೆ ಥರ. ಮೊದ್ಲು ಅಂಡಾಶಯದಲ್ಲಿ ಒಂದು ಮೊಟ್ಟೆ ಬಲೀತದೆ. ಬಲಿತ ಮೇಲೆ ಹೊರಗೆ ಬರುತ್ತೆ. ಬಂದ ಮೊಟ್ಟೆಗೆ ಆಯಸ್ಸು ಒಂದು ದಿನ, ಅಷ್ಟೇ. ಅಷ್ಟರೊಳಗೆ ಗಂಡಿನ ಬೀಜ ಸಿಕ್ಕಿದ್ರೆ ಮಗು. ಆ ಮಗುಗೆ ಅಂತ ಗರ್ಭಕೋಶದೊಳಗೆ ಹಾಸಿಗೆ ಹಾಸಿರುತ್ತೆ, ರಕ್ತದ ಹಾಸಿಗೆ. ಎರಡು ವಾರ ಅದು ಕಾಯುತ್ತೆ. ಯಾರೂ ಬರ್ಲಿಲ್ಲ ಅಂದ್ರೆ ಹಾಸಿಗೆ ಕಳಚಿ ಹೊರಗೆ ಹೋಗುತ್ತೆ. ನೀವು ಮುಟ್ಟು ಅನ್ನೋದು ಅದನ್ನೇ."

ಪುಟ್ಟಗಂಗಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

"ಅಂದ್ರೆ ಮುಟ್ಟಾದಾಗ..."

"ಮೊಟ್ಟೆ ಬಂದು ಹೋಗಿ ಆಗ್ಲೇ ಎರಡು ವಾರ ಆಗಿರುತ್ತೆ. ಆ ಎರಡು ವಾರ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ. ಮುಟ್ಟಾದ ಮೇಲೆ ಇನ್ನೊಂದು ಮೊಟ್ಟೆ ಬಲಿಯೋಕೆ ತಗೊಳ್ಳೋ ದಿನ ಇದೆಯಲ್ಲ, ಅದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ. ನಿಂದು ನಿಧಾನ. ಮೂರು ವಾರಾನೋ ನಾಕು ವಾರಾನೋ ಆದ ಮೇಲೆ ನಿನ್ನ ಮೊಟ್ಟೆ ಬರುತ್ತೆ. ಅಷ್ಟು ಹೊತ್ತಿಗೆ ನಿನ್ನ ಗಂಡ ಎಲ್ಲಿರ್ತಾನೆ?"

"ಇಂದೋರಲ್ಲಿ" ಎಂದಳು ಪುಟ್ಟಗಂಗಮ್ಮ.

"ಗಂಡಿನ ಬೀಜ ಒಳಗೆ ಬದುಕೋದು ಮೂರು ದಿನ, ಹೆಚ್ಚಂದ್ರೆ ಐದು ದಿನ. ಹದಿನೈದು ದಿನ ಮೊದ್ಲೇ ಬಂದು ಕೂತ್ರೆ ಏನು ಪ್ರಯೋಜನ?"

"ಮತ್ತೆ ನಮ್ಮತ್ತೆಗೆ ಐದು ಮಕ್ಕಳು ಡಾಕ್ಟ್ರಮ್ಮ. ಅವ್ರೂ ನೀರು ಹಾಕ್ಕಂಡ ಮೇಲೇ..."

"ನಿಮ್ಮ ಮಾವ ಏನ್ ಕೆಲ್ಸ ಮಾಡ್ತಿದ್ರು?"

"ತೋಟ ಬುಟ್ಟು ಎಲ್ಲೂ ಹೋಗ್ತಿರ್ಲಿಲ್ಲ."

"ಅಷ್ಟೇ ಮತ್ತೆ" ಎಂದು ಡಾಕ್ಟರು ನಕ್ಕರು. ಆಮೇಲೆ ಮೆಲ್ಲಗೆ ಇನ್ನೊಂದು ಕೇಳಿದರು. ನಡುವೆ ಯಾವಾಗಲಾದರೂ ಕೋಳಿಮೊಟ್ಟೆಯ ಬಿಳಿ ಲೋಳೆಯ ಹಾಗೆ ಜಾರುವಂಥದ್ದು ಹೋಗುತ್ತದೆಯೇ ಎಂದು. ಹೋಗುತ್ತಿತ್ತು. ಅದನ್ನು ಮೈಯಲ್ಲಿ ಉಷ್ಣ ಎಂದುಕೊಂಡು ಅತ್ತೆ ನೆನೆಸಿದ ಮೆಂತ್ಯ ನುಂಗಿಸಿ, ಎಳನೀರು ಕುಡಿಸುತ್ತಿದ್ದಳು. "ಅದು ಉಷ್ಣ ಅಲ್ಲಮ್ಮ. ಮೊಟ್ಟೆ ಬರೋ ಹೊತ್ತಾಯ್ತು ಅಂತ ನಿನ್ನ ಮೈ ನಿಂಗೆ ಹೇಳ್ತಾ ಇರೋದು" ಎಂದರು ಡಾಕ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯಾಚೆ ತೋಟಗಳನ್ನು ನೋಡುತ್ತಾ ಕೂತಿದ್ದಳಂತೆ. ಸಿಟ್ಟು ಬರಲಿಲ್ಲ. ಯಾರ ಮೇಲೆ ಬರಬೇಕು? ಏಳು ವರ್ಷ ತಿಂಗಳು ತಿಂಗಳೂ ಮೈ ಒಂದು ಮಾತು ಹೇಳಿದೆ, ಮನೆಯವರೆಲ್ಲ ಸೇರಿ ಅದಕ್ಕೆ ಮೆಂತ್ಯ ಕೊಟ್ಟಿದ್ದಾರೆ. ನಗು ಬರುವ ಹಾಗಿತ್ತು. ಅಳುವೂ ಬರುವ ಹಾಗಿತ್ತು.

ಕರಿಯಣ್ಣ ಆ ವಾರಗಳಲ್ಲಿ ಮನೆಯಲ್ಲಿರಲು ನೋಡಿದ. ಆಗಲಿಲ್ಲ. ಅವಳ ದಿನಗಳು ಒಂದು ತಿಂಗಳಿದ್ದ ಹಾಗೆ ಇನ್ನೊಂದು ತಿಂಗಳಿಲ್ಲ. ಉತ್ತರದ ಹಬ್ಬಗಳು ಹತ್ತಿರ ಬಂದರೆ ಕೊಬ್ಬರಿ ಕಾಯುವುದಿಲ್ಲ, ಸದಾಶಿವಯ್ಯನವರಾದರೂ ಎಷ್ಟೆಂದು ತಡೆದಾರು? ಎರಡು ಸಲ ಅವನು ಆ ಕಡೆ ಹೊರಟು ವಾರ ಕಳೆದ ಮೇಲೆ ಅವಳಿಗೆ ಆ ಗುರುತು ಕಾಣಿಸಿಕೊಂಡಿತು. ಮೂರನೆಯ ಸಲ ಲೋಡು ಗೊತ್ತಾದಾಗ ಪುಟ್ಟಗಂಗಮ್ಮ ಗಂಡನಿಗೆ ಊಟ ಬಡಿಸುತ್ತಾ ಹೇಳಿದಳು.

"ನಾನೂ ಬತ್ತೀನಿ ಕಣ್ರೀ."

"ಎಲ್ಲಿಗೆ?"

"ಇಂದೋರಿಗೆ. ಮೊಟ್ಟೆ ದಿನ ಹೇಳಿ ಬರಲ್ಲ, ಲೋಡು ನಮ್ಮನ್ನ ಕೇಳಿ ಬರಲ್ಲ. ನಾನೇ ಲಾರಿ ಹತ್ತುದ್ರೆ ಸರಿಹೋಯ್ತದೆ."

ಕರಿಯಣ್ಣನ ಕೈಯಲ್ಲಿದ್ದ ಮುದ್ದೆ ಹಾಗೇ ಉಳಿಯಿತು. ಒಳಗಿನಿಂದ ಕೊಲ್ಲಾಪುರಮ್ಮ ಬಂದಳು. "ಹೆಂಗಸ್ರು ಲಾರಿ ಹತ್ತುತಾರೇನೇ? ಊರೋರು ಏನಂದಾರು?"

ಪುಟ್ಟಗಂಗಮ್ಮ ಅತ್ತೆಯನ್ನು ಒಲೆಯ ಮುಂದೆ ಕೂರಿಸಿಕೊಂಡು, ಡಾಕ್ಟರು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮೊಟ್ಟೆ, ಹಾಸಿಗೆ, ಎರಡು ವಾರ, ಎಲ್ಲ. ಕೊನೆಗೆ ಒಲೆಯ ಬೆಂಕಿ ಕೆದಕುತ್ತಾ, "ಐದು ಹೆತ್ತೆ. ಎರಡು ಕಳ್ಕಂಡೆ. ಯಾರೂ ನಂಗೆ ಇದನ್ನ ಹೇಳ್ಲಿಲ್ಲವಲ್ಲೇ ಗಂಗಾ" ಎಂದಳು. ಬೆಳಗ್ಗೆ ಎದ್ದು ನೋಡಿದರೆ ಹುರಿಹಿಟ್ಟು, ಚಟ್ನಿಪುಡಿ, ರಾಗಿಹಿಟ್ಟು ಕಟ್ಟಿ ಬಾಗಿಲಲ್ಲಿಟ್ಟಿದ್ದಳು. "ದಾರೀಲಿ ಆ ಗೋಧಿ ರೊಟ್ಟಿ ತಿಂದು ಹೊಟ್ಟೆ ಕೆಡಿಸ್ಕಬ್ಯಾಡ."

ಲಾರಿಯಲ್ಲಿ ಇನ್ನೊಬ್ಬ ಡ್ರೈವರಿದ್ದ, ತಿಪ್ಪಯ್ಯ. ಕರಿಯಣ್ಣನಿಗಿಂತ ಇಪ್ಪತ್ತು ವರ್ಷ ದೊಡ್ಡವನು, ಚಿಕ್ಕನಾಯಕನಹಳ್ಳಿ ಕಡೆಯವನು. ಹೆಂಗಸು ಬರುತ್ತಾಳೆ ಎಂದಾಗ ಹುಬ್ಬು ಮೇಲೇರಿಸಿದನೇ ಹೊರತು ಯಾಕೆ ಏನು ಎಂದು ಕೇಳಲಿಲ್ಲ. ಮೊದಲ ರಾತ್ರಿಯೇ ಕಂಬಳಿ ತೆಗೆದುಕೊಂಡು, "ಕ್ಯಾಬಿನ್ನಲ್ಲಿ ಸೆಕೆ ಕಣಪ್ಪ, ನಾನು ಟಾರ್ಪಾಲಿನ ಮೇಲೆ ಮಲಗ್ತೀನಿ" ಎಂದು ಲೋಡಿನ ಮೇಲೆ ಹತ್ತಿದ. ಅದು ಮಾಗಿ ಚಳಿಯ ಕಾಲ.

ಆ ದಾರಿಯನ್ನು ನೆನೆದರೆ ಪುಟ್ಟಗಂಗಮ್ಮನಿಗೆ ಇವತ್ತಿಗೂ ಮೈ ಹಗುರವಾಗುತ್ತದೆ. ತಿಪಟೂರಿನಾಚೆ ಅರಸೀಕೆರೆ ಬಿಟ್ಟರೆ ಬೇರೆ ಊರು ಕಂಡವಳಲ್ಲ. ಹುಳಿಯಾರು ದಾಟಿ, ಹಿರಿಯೂರು ದಾಟಿ, ಚಿತ್ರದುರ್ಗದ ಬಂಡೆಗಳು ಬಂದವು. ಹೊಸಪೇಟೆಯ ಹತ್ತಿರ ತುಂಗಭದ್ರೆ. ಬಿಜಾಪುರದ ಕಪ್ಪು ನೆಲದಲ್ಲಿ ಕಣ್ಣು ಹೋದಷ್ಟು ದೂರ ಜೋಳ, ಒಂದು ತೆಂಗಿನ ಮರವಿಲ್ಲ. ತೆಂಗಿಲ್ಲದ ಊರೂ ಇರುತ್ತದೆಯೇ ಎಂದು ಅವಳಿಗೆ ಸೋಜಿಗ. ಸೊಲ್ಲಾಪುರ ದಾಟಿದ ಮೇಲೆ ಮಾತೂ ಬದಲಾಯಿತು. ದಾರಿ ಬದಿಯಲ್ಲಿ ಮೂರು ಕಲ್ಲು ಹೂಡಿ ಅವಳು ಮುದ್ದೆ ಮಾಡಿದರೆ ಬೇರೆ ಲಾರಿಗಳ ಕನ್ನಡದ ಡ್ರೈವರುಗಳು ವಾಸನೆ ಹಿಡಿದು ಬರುತ್ತಿದ್ದರು. ಖಲ್‌ಘಾಟಿನಲ್ಲಿ ನರ್ಮದೆಗೆ ಇಳಿದು ಮೂವರೂ ಸ್ನಾನ ಮಾಡಿದರು. ಹಿಂದೆ ಕೊಬ್ಬರಿಯ ಎಣ್ಣೆ ವಾಸನೆ, ಮುಂದೆ ರಸ್ತೆ, ಪಕ್ಕದಲ್ಲಿ ಗಂಡ. ಮದುವೆಯಾದ ಮೇಲೆ ಅವನನ್ನು ಅಷ್ಟು ಹೊತ್ತು ಒಟ್ಟಿಗೆ ನೋಡಿದ್ದೇ ಅವಳು ಆಗ. ಸ್ಟೇರಿಂಗ್ ಹಿಡಿದಾಗ ಅವನು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾನೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಗುರುತು ಮಾತ್ರ ಕಾಣಿಸಲಿಲ್ಲ. ವಾಪಸು ಬರುವಾಗ, ಸೊಲ್ಲಾಪುರ ಇನ್ನೂ ಮುಂದಿರುವಾಗ, ಅವಳು ಹೊರಗಾದಳು.

ಲಾರಿ ನಿಲ್ಲಿಸಿ ಎಂದಳು. ಕ್ಯಾಬಿನ್ನಿನಲ್ಲಿ ಮನೆದೇವರ ಪಟ, ಅದಕ್ಕೆ ದಿನವೂ ಊದುಕಡ್ಡಿ. "ನಾನು ಹಿಂದೆ ಚೀಲದ ಮೇಲೆ ಕೂತ್ಕತೀನಿ. ಇಲ್ಲಿ ದೇವರವ್ನೆ" ಎಂದು ಇಳಿಯಹೋದಳು. ತಿಪ್ಪಯ್ಯ ಬೀಡಿ ಆರಿಸಿ ಎಸೆದ.

"ಇಷ್ಟೊಂದು ಚೆಕ್‌ಪೋಸ್ಟ್ ನಮ್ ಜತೆ ದಾಟ್ಕಂಡು ಬಂದ ದೇವ್ರು ಇಷ್ಟಕ್ಕೆ ಇಳ್ಕಂಡು ಹೋದಾನಾ? ಸುಮ್ಕೆ ಕೂತ್ಕಳವ್ವ."

ಕೂತಳು. ಲಾರಿ ಹೊರಟಿತು. ಎಂದಿನ ಅಳು ಬರಬೇಕಿತ್ತು, ಬರಲಿಲ್ಲ. ಡಾಕ್ಟರ ಮಾತು ನೆನಪಾಯಿತು. ಎರಡು ವಾರ ಹಿಂದಕ್ಕೆ ಹೋಗಬೇಕು. ಆಗ ಎಲ್ಲಿದ್ದೆ? ಬೆರಳು ಮಡಚುತ್ತಾ ಹೋದವಳು ತಟ್ಟನೆ ಗಂಡನ ಕಡೆ ತಿರುಗಿದಳು.

"ರೀ, ನಾವು ಹೊರಡೋಕೆ ಮುಂಚೆ ನೀವು ಮನೇಲಿರ್ಲಿಲ್ಲ ಅಲ್ವಾ? ಎಲ್ಲಿದ್ರಿ?"

"ಗಾಡಿ ರಿಪೇರಿ ಅಂತ ಅರಸೀಕೆರೆ ಗ್ಯಾರೇಜಲ್ಲಿ ಬಿದ್ದಿದ್ದೆ. ಯಾಕೆ?"

"ಆಗ್ಲೇ ಬಂದು ಹೋಗೈತೆ ಕಣ್ರೀ! ಲಾರಿ ಹತ್ತೋಕೂ ಮುಂಚೆ! ಹೊರಡೋ ಗಡಿಬಿಡೀಲಿ ಗುರುತು ನಾನೇ ನೋಡ್ಕಳ್ಲಿಲ್ಲ! ಉಗಾದಿ ಕಳೆದ ಮೇಲೆ ಹೋಳಿಗೆ ತಟ್ಟೆ ಹಿಡ್ಕಂಡು ಬಂದಂಗಾಯ್ತು!"

ಕರಿಯಣ್ಣ ಒಂದು ಗಳಿಗೆ ಅವಳನ್ನೇ ನೋಡಿ, ಗಾಡಿ ಪಕ್ಕಕ್ಕೆ ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದ. ಅವಳೂ ನಕ್ಕಳು. ಏನೆಂದು ಗೊತ್ತಿಲ್ಲದ ತಿಪ್ಪಯ್ಯನೂ ನಕ್ಕ. ಮುಟ್ಟಾದ ದಿನ ಅವಳು ನಕ್ಕದ್ದು ಅದೇ ಮೊದಲು.

ಊರಿಗೆ ಬಂದಾಗ ಕೊಲ್ಲಾಪುರಮ್ಮ ಮುಖ ನೋಡಿಯೇ ತಿಳಿದುಕೊಂಡಳು. "ಇನ್ನೊಂದ್ಸಲ ಹೋಗು" ಎಂದಳು. ಹಿಟ್ಟು ಬೀಸಿ ಇಟ್ಟೇ ಇದ್ದಳು.

ಎರಡನೆಯ ಸಲ, ಬಿಜಾಪುರದ ಹೊರಗೆ ಒಂದು ಢಾಬಾದ ನಲ್ಲಿಯ ಹತ್ತಿರ ಮುಖ ತೊಳೆಯಲು ಹೋದವಳು ಬೇರೆಯೇ ಮುಖ ಹೊತ್ತು ಬಂದಳು. ಗಂಡನ ಹತ್ತಿರ ನಿಂತು, "ಇವತ್ತು ಮುಂದಕ್ಕೆ ಹೋಗದು ಬ್ಯಾಡ" ಎಂದಳು ಪಿಸುದನಿಯಲ್ಲಿ. ಇನ್ನೂ ಸಂಜೆಯಾಗಿರಲಿಲ್ಲ. ಗಾಡಿ ನಿಲ್ಲಿಸಲು ಕಾರಣವೇ ಇಲ್ಲ. ಕರಿಯಣ್ಣ ತಲೆ ಕೆರೆದುಕೊಂಡು ತಿಪ್ಪಯ್ಯನ ಕಡೆ ನೋಡಿದ. ತಿಪ್ಪಯ್ಯ ಲಾರಿಗೆ ಒಂದು ಸುತ್ತು ಬಂದು, ಚೆನ್ನಾಗಿಯೇ ಇದ್ದ ಟೈರಿಗೆ ಕಾಲಲ್ಲಿ ಒದ್ದ.

"ಟೈರು ಬಿಸಿಯಾಗವೆ ಕಣಪ್ಪ. ನಾಳೆ ಮಧ್ಯಾಹ್ನದಗಂಟ ಆರ್ಲಿ. ನಾನು ಇಷ್ಟು ವರ್ಷ ಬಂದು ಗೋಳಗುಮ್ಮಟ ನೋಡೇ ಇಲ್ಲ, ನೋಡ್ಕಂಡು ಬತ್ತೀನಿ." ಕಂಬಳಿ ಹೆಗಲಿಗೆ ಹಾಕಿಕೊಂಡು ಸಿಟಿ ಬಸ್ಸು ಹತ್ತಿಯೇಬಿಟ್ಟ.

ಅದಾದ ಮೇಲೆ ಇಂದೋರಿಗೆ ಹೋದರು, ಬಂದರು. ಈ ಸಲ ದಾರಿಯಲ್ಲಿ ಏನೂ ಆಗಲಿಲ್ಲ. ಊರಿಗೆ ಬಂದ ಮೇಲೂ ಆಗಲಿಲ್ಲ. ಆರು ವಾರ ದಾಟಿದರೂ ಅವಳು ಯಾರಿಗೂ ಹೇಳಲಿಲ್ಲ. ಅವಳದು ಹೇಗಿದ್ದರೂ ನಿಧಾನದ ಮೈ, ನಂಬುವುದು ಹೇಗೆ? ಒಂದು ಬೆಳಗ್ಗೆ ಅಟ್ಟದಿಂದ ಕೊಬ್ಬರಿ ಇಳಿಸುವಾಗ ಆ ವಾಸನೆಗೆ ಹೊಟ್ಟೆ ತೊಳಸಿ ಹಿತ್ತಲಿಗೆ ಓಡಿದಳು. ಹುಟ್ಟಿದಂದಿನಿಂದ ಕೊಬ್ಬರಿಯ ವಾಸನೆಯಲ್ಲೇ ಬೆಳೆದವಳು. ಹಿಂದೆಯೇ ಬಂದ ಕೊಲ್ಲಾಪುರಮ್ಮ ಬೆನ್ನು ಸವರುತ್ತಾ, "ಹಾಸಿಗೆ ಮ್ಯಾಲೆ ಯಾರೋ ಬಂದು ಮಲಗವ್ರೆ ಅನ್ನು" ಎಂದಳು.

ಹೆಣ್ಣು ಮಗು ಹುಟ್ಟಿತು. ನೋಡಲು ಬಂದ ತಿಪ್ಪಯ್ಯ ತೊಟ್ಟಿಲಿಗೆ ಬಗ್ಗಿ, "ಅಜ್ಜಿ ಕೊಲ್ಲಾಪುರಮ್ಮ, ಮೊಮ್ಮಗಳು ಬಿಜಾಪುರಮ್ಮ" ಎಂದ. ಕೊಲ್ಲಾಪುರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೆಸರು ಮಧುಶ್ರೀ ಎಂದಿಟ್ಟರೂ ತಿಪ್ಪಯ್ಯ ಸಾಯುವತನಕ ಅವಳನ್ನು ಹಾಗೇ ಕರೆಯುತ್ತಿದ್ದ. ಎರಡನೆಯದು ಆಗಲಿಲ್ಲ, ಅವರು ಅದಕ್ಕೆಂದು ಹೊರಡಲೂ ಇಲ್ಲ. ಮಗು ಕಟ್ಟಿಕೊಂಡು ಲಾರಿ ಹತ್ತುವುದು ಆಗದ ಮಾತು. ಕೊಲ್ಲಾಪುರಮ್ಮ ಮಾತ್ರ ಬದಲಾದಳು. ಪುಟ್ಟಗಂಗಮ್ಮ ಮತ್ತೆ ಕೊಟ್ಟಿಗೆಯ ಕೋಣೆಗೆ ಹೋಗಲಿಲ್ಲ, ಅತ್ತೆ ಹೋಗು ಎನ್ನಲೂ ಇಲ್ಲ. ಬೀದಿಯಲ್ಲಿ ಮಿಲಿಟರಿಯವನನ್ನೋ ಡ್ರೈವರನನ್ನೋ ಕಟ್ಟಿಕೊಂಡ ಹುಡುಗಿಯರು ಸಿಕ್ಕರೆ ಮುದುಕಿ ಕರೆದು ಕೂರಿಸಿ, "ನೀರು ಹಾಕ್ಕಂಡ ವಾರ ನೆಚ್ಕಬ್ಯಾಡ ಕಣವ್ವ, ನಿನ್ ಮೈ ಏನ್ ಹೇಳ್ತದೆ ಕೇಳು" ಎಂದು ಶುರು ಮಾಡುತ್ತಿದ್ದಳು. ಹುಡುಗಿಯರು ನಾಚಿ ಓಡುತ್ತಿದ್ದರು. ಕೆಲವರು ಸಂಜೆ ಒಬ್ಬೊಬ್ಬರೇ ಬಂದು ಕೇಳಿಕೊಂಡು ಹೋಗುತ್ತಿದ್ದರು.

ಮಧುಶ್ರೀ ಮೊಬೈಲು ಎಂದೋ ಕೆಳಗಿಟ್ಟಿದ್ದಳು. "ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" ಎಂದಳು. ಆಮೇಲೆ ಏನೋ ನೆನಪಾದವಳಂತೆ, "ಮುಟ್ಟು ನಿಂತಾಗ ನೀನು ಅಳ್ತಿದ್ದೆ ಅಂತ ಅಪ್ಪ ಹೇಳ್ತು. ಯಾಕೆ?" ಎಂದು ಕೇಳಿದಳು.

ಪುಟ್ಟಗಂಗಮ್ಮ ಹುಣಸೆಹಣ್ಣಿನ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

"ಮುಟ್ಟಿಗೆ ಅತ್ತಿದ್ದಲ್ಲ ಕಣೇ. ಆವತ್ತು ಲಾರೀಲಿ ಬೆರಳು ಮಡಚಿದ್ನಲ್ಲ, ಅದು ಅಭ್ಯಾಸ ಆಗೋಯ್ತು. ಪ್ರತಿ ಸಲ ಆದಾಗ್ಲೂ ಎರಡು ವಾರ ಹಿಂದೆ ಎಲ್ಲಿದ್ದೆ, ಏನ್ಮಾಡ್ತಿದ್ದೆ ಅಂತ ಎಣಿಸೋಳು. ಎಣಿಸ್ತಾ ಎಣಿಸ್ತಾ ಆ ರೋಡು, ಆ ಜೋಳದ ಹೊಲ, ತಿಪ್ಪಯ್ಯಣ್ಣ ಎಲ್ಲ ಕಣ್ ಮುಂದೆ ಬರೋದು. ತಿಂಗಳಿಗೊಂದ್ಸಲ ಹೋಗಿ ಬಂದಂಗಾಗೋದು. ಈಗ ಎಣಿಸೋಕೆ ಏನೂ ಇಲ್ಲ."

ಮಧುಶ್ರೀ ಅಮ್ಮನ ಹುಳಿ ಅಂಟಿದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಸಲಿಕೆ ಇಟ್ಟ ಸದ್ದಾಯಿತು. ಕರಿಯಣ್ಣ ಕೆಸರುಗಾಲಲ್ಲಿ ಹೊಸ್ತಿಲ ಆಚೆಯೇ ನಿಂತು ಇಬ್ಬರನ್ನೂ ನೋಡಿದ. ಮಗಳು ಅಪ್ಪನ ಮುಖ ನೋಡಿದವಳೇ ತಡೆಯಲಾರದೆ ಕಿಸಕ್ಕನೆ ನಕ್ಕಳು.

"ಏನ್ರೇ ಅದು? ನಂಗೂ ಹೇಳಿ" ಎಂದ ಅವನು.

"ಏನಿಲ್ಲ ಬುಡಿ. ಕಾಲು ತೊಳ್ಕಂಡು ಬನ್ನಿ, ಕಾಫಿ ಕಾಯಿಸ್ತೀನಿ" ಎಂದು ಪುಟ್ಟಗಂಗಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು.